ನಲವತ್ತು ಹನಿ ರಕ್ತದ ಲೆಕ್ಕ: ಹಸ್ತಮೈಥುನದ ಭಯಕ್ಕೂ ಒಂದು ಚರಿತ್ರೆ ಇದೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಅಕ್ಕಲಕೋಟ ತಾಲೂಕಿನವನು. ಕಾಲೇಜು ಓದಿದ್ದು ಸೋಲಾಪುರದಾಗ. ಗಡಿನಾಡ ಕನ್ನಡಿಗರ ಚರಿತ್ರೆ ಅಂದ ಕೂಡಲೇ ನಾವು ಶಾಸನ, ಸಂಸ್ಥಾನ, ಶಾಲೆ, ಆಯೋಗದ ವರದಿ ಇವುಗಳ ಕಡೆ ಹೋಗ್ತೇವೆ. ಅದು ಬೇಕೇ ಬೇಕು. ಆದರೆ ಮೈಗೂ ಒಂದು ಚರಿತ್ರೆ ಇರ್ತದ, ಭಯಕ್ಕೂ ಇರ್ತದ. ಹಸ್ತಮೈಥುನದಿಂದ ಶಕ್ತಿ ಹೋಗ್ತದ, ನರ ಸಡಿಲ ಆಗ್ತಾವ, ಕಣ್ಣು ಮಂಜಾಗ್ತಾವ, ಮುಂದೆ ಮಕ್ಕಳಾಗೂದಿಲ್ಲ ಎಂಬ ನಂಬಿಕೆಗಳು ಎಲ್ಲಿಂದ ಬಂದವು, ಯಾರ ಕೈಯಿಂದ ದಾಟಿ ಬಂದವು ಎಂಬುದೇ ಇವತ್ತಿನ ನನ್ನ ವಿಷಯ. ಶೀರ್ಷಿಕೆ ನೋಡಿ ಒಂದಿಬ್ಬರು ನಕ್ಕಿರಬಹುದು. ನಗು ಬಂದರೆ ತಪ್ಪಿಲ್ಲ. ಆದರೆ ಈ ಭಯದಲ್ಲಿ ಪರೀಕ್ಷೆ ಬಿಟ್ಟ ಹುಡುಗರನ್ನು, ಅಪ್ಪನ ಜೇಬಿನ ದುಡ್ಡು ಕದ್ದು ಪುಡಿ ತಿಂದವರನ್ನು ನಾನು ವಸತಿನಿಲಯದಾಗ ಕಂಡಿದ್ದೇನೆ. ಹಾಗಾಗಿ ಇದು ಹಗುರವಾದ ವಿಷಯ ಅಲ್ಲ.

1. ಮೊದಲು ಪದಗಳು

ಸೋಲಾಪುರ ನಾಲ್ಕು ಭಾಷೆಯ ಊರು. ಮರಾಠಿ, ಕನ್ನಡ, ತೆಲುಗು, ಉರ್ದು. ಗಿರಣಿ ಮತ್ತು ಮಗ್ಗದ ಕೆಲಸಕ್ಕೆ ಬಂದ ಜನ ಒಂದೇ ಓಣಿಯಾಗ ಇದ್ದರು. ಮಾತು ಬೆರೆತಂತೆ ಅಂಜಿಕೆಗಳೂ ಬೆರೆತವು. ಉರ್ದು ಮನೆಯ ಹುಡುಗ ಇದಕ್ಕೆ ‘ಜಿರಿಯಾನ್’ ಅಂತಾನ. ಮರಾಠಿಯವನು ‘ಧಾತು ಜಾಣೆ’ ಅಂತಾನ. ನಾವು ‘ಧಾತು ಹೋಗೂದು’ ಅಂತೇವೆ. ಮೂರೂ ಒಂದೇ ಭಯ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಬರೆದ ಜಾಹೀರಾತಿಗೂ ಭಾಷೆಯ ಗಡಿ ಇಲ್ಲ: ಗುಪ್ತರೋಗ, ಸ್ವಪ್ನದೋಷ, ನರದೌರ್ಬಲ್ಯ. ಈ ಮೂರು ಪದ ಇದ್ದರೆ ಯಾವ ಭಾಷೆಯವನಿಗೂ ತಿಳೀತದ.

ಈ ಪದಗಳನ್ನು ಸ್ವಲ್ಪ ಬಿಡಿಸಿ ನೋಡ್ರಿ. ನಿದ್ದೆಯಲ್ಲಿ ವೀರ್ಯ ಹೊರಬರುವುದಕ್ಕೆ ‘ಸ್ವಪ್ನಸ್ಖಲನ’ ಎಂಬ ಸರಳವಾದ ಪದ ಇದೆ. ಆದರೆ ಚಾಲ್ತಿಯಲ್ಲಿ ಇರುವುದು ‘ಸ್ವಪ್ನದೋಷ’. ಪದದ ಒಳಗೇ ತೀರ್ಪು ಕೂತಿದೆ. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗನಿಗೆ ಮೊದಲ ಸಲ ಹಾಗಾದಾಗ, ಅದಕ್ಕೆ ಅವನಿಗೆ ಸಿಗುವ ಹೆಸರೇ ‘ದೋಷ’. ಇನ್ನು ‘ನರದೌರ್ಬಲ್ಯ’. ಇದು ಹಳೆಯ ಪದದಂತೆ ಕೇಳಿಸ್ತದ, ಆದರೆ ಇದರ ಹಿಂದಿರುವ ಕಲ್ಪನೆ ಹೊಸದು. 1869ರಲ್ಲಿ ನ್ಯೂಯಾರ್ಕಿನ ವೈದ್ಯ ಜಾರ್ಜ್ ಬಿಯರ್ಡ್ ‘ನ್ಯೂರಸ್ತೀನಿಯಾ’ ಎಂಬ ರೋಗದ ವಿವರಣೆ ಕೊಟ್ಟ. ನರಗಳ ಶಕ್ತಿ ಬ್ಯಾಟರಿಯ ಹಾಗೆ ಖರ್ಚಾಗಿ ಮನುಷ್ಯ ದಣೀತಾನೆ ಎಂಬುದು ಆ ಕಾಲದ ತಿಳಿವಳಿಕೆ. ‘ನರ್ವಸ್ ಡೆಬಿಲಿಟಿ’ ಎಂಬ ಹೆಸರಲ್ಲಿ ಅದು ಔಷಧಿ ಬಾಟಲಿಗಳ ಮೇಲೆ ಹತ್ತಿಕೊಂಡು ಲೋಕವೆಲ್ಲ ತಿರುಗಿತು. ನಮ್ಮ ಗೋಡೆಯ ಮೇಲಿನ ನರದೌರ್ಬಲ್ಯ ಅದರದೇ ಅನುವಾದ.

ಅಂದರೆ, ನಾವು ‘ಹಿರಿಯರ ಮಾತು’ ಅಂತ ತಿಳಿದಿರುವುದರಲ್ಲಿ ಎಷ್ಟು ಹಿರಿಯರದು, ಎಷ್ಟು ಅಂಗಡಿಯದು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

2. ನಮ್ಮ ಗ್ರಂಥಗಳಲ್ಲಿ ಇರುವುದು

ಆಯುರ್ವೇದದಲ್ಲಿ ಏಳು ಧಾತುಗಳ ಸಿದ್ಧಾಂತ ಇದೆ: ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜೆ, ಶುಕ್ರ. ಉಂಡ ಅನ್ನ ಒಂದೊಂದೇ ಹಂತ ದಾಟಿ ಕೊನೆಗೆ ಶುಕ್ರ ಆಗ್ತದ. ರಸ ಶುಕ್ರವಾಗಲು ಸುಮಾರು ಒಂದು ತಿಂಗಳು ಬೇಕು ಎಂದು ಸುಶ್ರುತ ಸಂಹಿತೆ ಹೇಳ್ತದ. ಕೊನೆಯ ಧಾತು ಎಂದ ಮೇಲೆ ಅದು ಎಲ್ಲದರ ಸಾರ, ಹೋದರೆ ನಷ್ಟ ಎಂಬ ಭಾವನೆ ಬರುವುದು ಸಹಜ. ಶುಕ್ರಕ್ಷಯದ ಲಕ್ಷಣಗಳನ್ನೂ ಆ ಗ್ರಂಥಗಳು ಹೇಳಿವೆ. ಇದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಅದೇ ಪರಂಪರೆಯ ಇನ್ನೊಂದು ಮಾತನ್ನು ಯಾರೂ ಗೋಡೆ ಮೇಲೆ ಬರೆಯುವುದಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ತಡೆಹಿಡಿಯಬಾರದ ಹದಿಮೂರು ವೇಗಗಳ ಪಟ್ಟಿ ಇದೆ. ಮೂತ್ರ, ಮಲ, ಸೀನು, ಆಕಳಿಕೆ, ಹಸಿವು, ನೀರಡಿಕೆ, ಕಣ್ಣೀರು, ನಿದ್ದೆ ಇವುಗಳ ಜೊತೆ ರೇತಸ್ಸೂ ಅದರಲ್ಲಿ ಸೇರಿದೆ. ಅದನ್ನು ತಡೆದರೆ ನೋವು, ಬಾಧೆ ಬರ್ತದ ಅಂತಲೇ ಅಲ್ಲಿ ಹೇಳಿದೆ. ಅತಿಯಾದ ಖರ್ಚೂ ಬೇಡ, ತಡೆಯೂ ಬೇಡ ಎಂಬ ಸಮತೋಲನದ ಮಾತು ಅದು.

ಧರ್ಮಶಾಸ್ತ್ರದ ಮಾತು ಬೇರೆ. ಮನುಸ್ಮೃತಿಯಲ್ಲಿ ಗುರುಕುಲದ ಬ್ರಹ್ಮಚಾರಿಗೆ ವೀರ್ಯಸ್ಖಲನದ ನಿಷೇಧ ಇದೆ. ಅದು ವ್ರತದ ನಿಯಮ. ವ್ರತ ಹಿಡಿದವನು ಬೇಕೆಂದು ಮುರಿದರೆ ಪ್ರಾಯಶ್ಚಿತ್ತ. ನಿದ್ದೆಯಲ್ಲಿ ತಾನಾಗಿ ಆದರೆ ಸ್ನಾನ ಮಾಡಿ, ಸೂರ್ಯನನ್ನು ಪೂಜಿಸಿ, ಮಂತ್ರ ಜಪಿಸಿದರೆ ಮುಗೀತು. ಅಲ್ಲಿ ರೋಗದ ಪ್ರಸ್ತಾಪವಿಲ್ಲ, ಹುಚ್ಚು ಹಿಡೀತದ ಎಂಬ ಬೆದರಿಕೆಯೂ ಇಲ್ಲ. ಒಂದು ವ್ರತದ ನಿಯಮ ಎಲ್ಲ ಗಂಡುಮಕ್ಕಳ ಆರೋಗ್ಯದ ನಿಯಮವಾಗಿ ಬದಲಾದದ್ದು ಆಮೇಲಿನ ಕಥೆ.

3. ಲಂಡನ್ನಿನಿಂದ ಹೊರಟ ಅಂಜಿಕೆ

ಈಗ ಹೊರಗೆ ಹೋಗೋಣ. 18ನೇ ಶತಮಾನದ ಎರಡನೇ ದಶಕದಲ್ಲಿ ಲಂಡನ್ನಿನಲ್ಲಿ ‘ಒನಾನಿಯಾ’ ಎಂಬ ಪುಸ್ತಕ ಬರೆದವರ ಹೆಸರಿಲ್ಲದೆ ಹೊರಬಂತು. ಹಸ್ತಮೈಥುನ ಪಾಪ ಅಂತ ಮೊದಲೇ ಹೇಳುತ್ತಿದ್ದರು. ಈ ಪುಸ್ತಕ ಅದನ್ನು ಭೀಕರ ರೋಗಗಳ ಮೂಲ ಎಂದು ಸಾರಿತು. ಸ್ವಾರಸ್ಯ ಏನಂದ್ರ, ಅದೇ ಪುಸ್ತಕ ಅದಕ್ಕೆ ಔಷಧಿಯನ್ನೂ ಮಾರುತ್ತಿತ್ತು. ಭಯ ಮುಂದಿನ ಪುಟದಲ್ಲಿ, ಮದ್ದು ಹಿಂದಿನ ಪುಟದಲ್ಲಿ. ಓದುಗರ ಪತ್ರಗಳನ್ನು ಸೇರಿಸುತ್ತ ಮುದ್ರಣದಿಂದ ಮುದ್ರಣಕ್ಕೆ ಅದು ದಪ್ಪ ಆಗ್ತಾ ಹೋಯಿತು. ಥಾಮಸ್ ಲಾಕರ್ ಎಂಬ ಚರಿತ್ರಕಾರ 2003ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಆಧುನಿಕ ಕಾಲದ ಹಸ್ತಮೈಥುನ ಭೀತಿ ಶುರುವಾದದ್ದೇ ಇಲ್ಲಿಂದ ಎಂದು ವಾದಿಸಿದ್ದಾರೆ.

ಪುಡಿ ಮಾರುವವನ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದವನು ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ವೈದ್ಯ ಟಿಸ್ಸೊ. ಅವನು ದೊಡ್ಡ ಹೆಸರಿನ ವೈದ್ಯ. 1760ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾದ ಅವನ ಪುಸ್ತಕ ಯುರೋಪಿನ ಅನೇಕ ಭಾಷೆಗಳಿಗೆ ಹೋಯಿತು. ಒಂದು ಔನ್ಸ್ ವೀರ್ಯ ಹೋದರೆ ನಲವತ್ತು ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿಶ್ಶಕ್ತಿ ಎಂಬ ಲೆಕ್ಕ ಅದರಲ್ಲಿದೆ. ನಲವತ್ತು! ನಮ್ಮ ಕಡೆ ‘ನಲವತ್ತು ಹನಿ ರಕ್ತಕ್ಕ ಒಂದು ಹನಿ ವೀರ್ಯ’ ಅಂತಾರ, ಕೆಲವರು ನೂರು ಅಂತಾರ. ಟಿಸ್ಸೊನಿಂದಲೇ ನಮಗೆ ಬಂತು ಎಂದು ಇಷ್ಟರ ಮೇಲೇ ಹೇಳಲಾಗದು. ಆದರೆ ಇಂಥ ಲೆಕ್ಕ ಕೇವಲ ಭಾರತದ್ದು ಎಂಬ ಮಾತು ನಿಲ್ಲುವುದಿಲ್ಲ ಎಂಬುದು ಮಾತ್ರ ಖಚಿತ.

19ನೇ ಶತಮಾನದಲ್ಲಿ ಇದು ಇನ್ನೂ ಬಿಗಿಯಾಯಿತು. ಬ್ರಿಟನ್ನಿನ ಮಾನಸಿಕ ಆಸ್ಪತ್ರೆಗಳ ವೈದ್ಯರು ‘ಹಸ್ತಮೈಥುನದಿಂದ ಬರುವ ಹುಚ್ಚು’ ಎಂಬ ರೋಗವನ್ನೇ ವಿವರಿಸಿದರು. ಆಸ್ಪತ್ರೆಯಲ್ಲಿ ಕೂಡಿಹಾಕಿದ ರೋಗಿಗಳು ಹಾಗೆ ಮಾಡುವುದನ್ನು ನೋಡಿ, ಅದೇ ಹುಚ್ಚಿಗೆ ಕಾರಣ ಎಂದು ತಿಳಿದರು. ಮಾಡದ ಜನ ಎಷ್ಟು, ಮಾಡಿಯೂ ಆರೋಗ್ಯವಾಗಿ ಇರುವವರು ಎಷ್ಟು ಎಂದು ಯಾರೂ ಹೋಲಿಸಲಿಲ್ಲ. ಅಮೆರಿಕದಲ್ಲಿ ಸಿಲ್ವೆಸ್ಟರ್ ಗ್ರಹಾಂ, ಅವನ ನಂತರ ಜಾನ್ ಹಾರ್ವಿ ಕೆಲ್ಲಾಗ್ ಮಸಾಲೆ, ಮಾಂಸ ಬಿಟ್ಟು ಸಪ್ಪೆ ಊಟ ಮಾಡಿದರೆ ಕಾಮ ತಣಿಯುತ್ತದೆ ಅಂತ ಪ್ರಚಾರ ಮಾಡಿದರು. ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದೇ ಹಸ್ತಮೈಥುನ ನಿಲ್ಲಿಸಲಿಕ್ಕೆ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತು ಮಾತ್ರ ಉತ್ಪ್ರೇಕ್ಷೆ. ತಪ್ಪು ಕಲ್ಪನೆಯನ್ನು ಬಯಲು ಮಾಡುವಾಗ ಇನ್ನೊಂದು ತಪ್ಪು ಕಲ್ಪನೆ ಕಟ್ಟಬಾರದು ಅಂತ ಇದನ್ನು ಹೇಳಿದೆ. 1908ರಲ್ಲಿ ಬೇಡನ್ ಪೊವೆಲ್ ಸ್ಕೌಟ್ ಹುಡುಗರಿಗೆ ಬರೆದ ಕೈಪಿಡಿಯಲ್ಲೂ ಇದೇ ಎಚ್ಚರಿಕೆ ಇತ್ತು.

4. ಎರಡು ಹಳ್ಳ ಕೂಡಿದ ಜಾಗ

ಬ್ರಿಟಿಷರ ಕಾಲದಲ್ಲಿ ಈ ಎರಡು ಹಳ್ಳಗಳು ಕೂಡಿದವು. ಒಂದು ಕಡೆ ಧಾತುವಿನ ಹಳೆಯ ಸಿದ್ಧಾಂತ, ಇನ್ನೊಂದು ಕಡೆ ಯುರೋಪಿನ ಭೀತಿ. ಕೂಡಿದ ಜಾಗ ಯಾವುದು ಅಂದ್ರ, ಮುದ್ರಣ. ಪತ್ರಿಕೆ, ಪಂಚಾಂಗ, ಅಂಚೆಯಲ್ಲಿ ಬರುವ ಔಷಧಿಯ ಪಟ್ಟಿ. ಭಾರತೀಯ ಭಾಷೆಗಳ ಪತ್ರಿಕೆಗಳಲ್ಲಿ ಶಕ್ತಿವರ್ಧಕ ಗುಳಿಗೆ, ಟಾನಿಕ್ಕುಗಳ ಜಾಹೀರಾತು ತುಂಬಿಕೊಂಡವು. ಪಶ್ಚಿಮ ಭಾರತದ ಇಂಥ ಜಾಹೀರಾತುಗಳನ್ನು ಡಗ್ಲಸ್ ಹೇನ್ಸ್, ಹಿಂದಿಯವನ್ನು ಚಾರು ಗುಪ್ತಾ ಅಧ್ಯಯನ ಮಾಡಿದ್ದಾರೆ.

ರಾಜಕೀಯದ ಕಾರಣವೂ ಇತ್ತು. ‘ನೀವು ದುರ್ಬಲರು, ಅದಕ್ಕೇ ಆಳಿಸಿಕೊಳ್ತೀರಿ’ ಎಂಬ ಆಳುವವರ ಹೀಯಾಳಿಕೆಗೆ ಉತ್ತರವಾಗಿ ಗರಡಿ, ವ್ಯಾಯಾಮ, ಬ್ರಹ್ಮಚರ್ಯ ಇವು ದೇಶಭಕ್ತಿಯ ಭಾಗವಾದವು. ಗಾಂಧೀಜಿ 1906ರಲ್ಲಿ ಬ್ರಹ್ಮಚರ್ಯದ ವ್ರತ ತೊಟ್ಟರು, ಮುಂದೆ ಅದರ ಬಗ್ಗೆ ಬಹಳ ಬರೆದರು. ಅವರಿಗೆ ಅದು ಆತ್ಮಸಾಧನೆ. ಆದರೆ ಸಾಮಾನ್ಯ ಹುಡುಗನ ಕಿವಿಗೆ ಬಂದು ತಲುಪುವಾಗ ಅದು ‘ವೀರ್ಯ ಹೋದರ ಸತ್ತಂಗ’ ಎಂಬ ಹೆದರಿಕೆಯಾಗಿ ಉಳಿಯಿತು. ಸಾಧನೆಯನ್ನು ಇಷ್ಟಪಟ್ಟು ಆರಿಸಿಕೊಂಡವರನ್ನು ನಾನು ಟೀಕಿಸ್ತಾ ಇಲ್ಲ. ಆರಿಸಿಕೊಳ್ಳದವನ ಮೇಲೆ ರೋಗದ ಹೆಸರಲ್ಲಿ ಅದನ್ನು ಹೇರಿದ್ದು ನನ್ನ ತಕರಾರು.

5. ಪಕ್ಕದ ಮನೆಯ ಕರ್ವೆ

ಗಡಿನಾಡಿನವರಾದ ನಮಗೆ ಒಂದು ಲಾಭ ಇದೆ: ಪಕ್ಕದ ಭಾಷೆಯ ಚರಿತ್ರೆಯೂ ನಮ್ಮದೇ. ಮರಾಠಿಯಲ್ಲಿ ರಘುನಾಥ ಧೋಂಡೊ ಕರ್ವೆ ಎಂಬವರು ಇದ್ದರು. ವಿಧವೆಯರ ಶಿಕ್ಷಣಕ್ಕೆ ದುಡಿದ ಮಹರ್ಷಿ ಕರ್ವೆಯವರ ಮಗ, ಗಣಿತದ ಪ್ರಾಧ್ಯಾಪಕ. 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದರು. 1927ರಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಪತ್ರಿಕೆ ಶುರುಮಾಡಿ, 1953ರಲ್ಲಿ ತಾವು ತೀರಿಕೊಳ್ಳುವ ತನಕ ನಡೆಸಿದರು.

ಆ ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಶ್ರೀಕಾಂತ ಬೋತ್ರೆ ಮತ್ತು ಡಗ್ಲಸ್ ಹೇನ್ಸ್ ಆ ಪತ್ರವ್ಯವಹಾರವನ್ನೇ ಅಧ್ಯಯನ ಮಾಡಿ 2017ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಹಸ್ತಮೈಥುನ, ಸ್ವಪ್ನಸ್ಖಲನ, ಮದುವೆಯಾದರೆ ನಾನು ಗಂಡಸಾಗಿ ನಿಲ್ತೀನೋ ಇಲ್ಲೋ ಎಂಬ ದಿಗಿಲು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರ್ತದ. ಹಸ್ತಮೈಥುನ ಸಹಜ, ಅದರಿಂದ ಹಾನಿ ಇಲ್ಲ ಎಂಬುದು ಕರ್ವೆಯವರ ನಿಲುವು. ಅದಕ್ಕೆ ಅವರು ಬೆಲೆಯನ್ನೂ ತೆತ್ತರು. ಅಶ್ಲೀಲತೆಯ ಆರೋಪದ ಮೇಲೆ ಅವರ ಮೇಲೆ ಮೊಕದ್ದಮೆಗಳು ನಡೆದವು. ಓದುಗರ ಪ್ರಶ್ನೋತ್ತರಕ್ಕೆ ಸಂಬಂಧಿಸಿದ 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಮೊಕದ್ದಮೆ ಸೋತಿತು, ದಂಡ ಬಿತ್ತು, ಪತ್ರಿಕೆ ನಿಲ್ಲಲಿಲ್ಲ.

ಸೋಲಾಪುರ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಕ್ಕಲಕೋಟ, ಜತ್ತ ಚಿಕ್ಕ ಸಂಸ್ಥಾನಗಳು. ಮರಾಠಿ ಓದಬಲ್ಲ ನಮ್ಮ ಕನ್ನಡಿಗರಿಗೆ ಈ ಪತ್ರಿಕೆ ಎಟುಕುವ ದೂರದಲ್ಲಿತ್ತು. ಮುಂದೆ ಕನ್ನಡದಲ್ಲೂ ವೈದ್ಯ ಲೇಖಕರು ಬಂದರು. ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ ಎಷ್ಟೋ ಮನೆಗಳಲ್ಲಿ ಕಪಾಟಿನ ಹಿಂದಿನ ಸಾಲಿನಲ್ಲಾದರೂ ಇರುತ್ತಿತ್ತು.

6. ಭಯಕ್ಕೆ ಬಂದ ವೈದ್ಯಕೀಯ ಹೆಸರು

1954ರಲ್ಲಿ ಕೇಂದ್ರ ಸರ್ಕಾರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ ಕಾಯ್ದೆ ತಂದಿತು. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು ಅದರ ಪ್ರಕಾರ ಅಪರಾಧ. ಅದರ ಅನುಸೂಚಿಯಲ್ಲಿ ‘ನರ್ವಸ್ ಡೆಬಿಲಿಟಿ’ ಅಂದರೆ ನಮ್ಮ ನರದೌರ್ಬಲ್ಯವೂ ಹೆಸರು ಸಮೇತ ಇದೆ. ಕಾಯ್ದೆ ಬಂದು ಏಳು ದಶಕ ಆಯಿತು. ಗೋಡೆ ನೋಡಿದರೆ ಹಾಗೆ ಅನಿಸುವುದಿಲ್ಲ, ಈಗಂತೂ ಗೋಡೆ ಮೊಬೈಲಿನೊಳಗೇ ಬಂದಿದೆ.

1960ರಲ್ಲಿ ಮನೋವೈದ್ಯ ಡಾ. ಎನ್. ಎನ್. ವಿಗ್ ಈ ಭಯಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸುಸ್ತು, ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಪಾಪಪ್ರಜ್ಞೆ, ಮೂತ್ರದಲ್ಲಿ ಧಾತು ಹೋಗ್ತಾ ಇದೆ ಎಂಬ ಖಾತ್ರಿ. ವೀರ್ಯ ಹೋದದ್ದರಿಂದ ಈ ತೊಂದರೆ ಬರುವುದಿಲ್ಲ, ‘ಹೋಯ್ತು’ ಎಂಬ ಆತಂಕದಿಂದ ಬರ್ತದ. ಮೂತ್ರ ಬೆಳ್ಳಗೆ ಕಾಣಲು ಹೆಚ್ಚಾಗಿ ಫಾಸ್ಫೇಟಿನಂಥ ಲವಣಗಳು ಕಾರಣ. ಬಹಳ ಕಾಲ ಇದನ್ನು ಭಾರತ ಉಪಖಂಡದ ವಿಶೇಷ ರೋಗ ಅಂತಲೇ ಪಠ್ಯಗಳಲ್ಲಿ ಬರೆದರು. 2004ರಲ್ಲಿ ಸುಮತಿಪಾಲ, ಸಿರಿಬದ್ದನ, ಭೂಗ್ರ ಎಂಬ ಮೂವರು ಸೇರಿ ಬರೆದ ಲೇಖನ, ಇಂಥದೇ ಭಯ 19ನೇ ಶತಮಾನದ ಯುರೋಪ್, ಅಮೆರಿಕಗಳಲ್ಲೂ ಇತ್ತು ಎಂದು ತೋರಿಸಿತು. ಅಲ್ಲಿ ಅದು ಇಳಿಯಿತು, ಇಲ್ಲಿ ಉಳಿಯಿತು.

ಹೆಣ್ಣುಮಕ್ಕಳ ಮಾತು ಇದರಲ್ಲಿ ಎಲ್ಲಿ ಅಂತ ಕೇಳಬಹುದು. ಅವರಿಗೆ ಇದರ ಜೋಡಿ ‘ಬಿಳಿಸೆರಗು’. ಮೈಯ ಸತ್ವ ಇಳಿದು ಹೋಗ್ತದ ಎಂಬ ಅದೇ ತರ್ಕ. ಯೋನಿಯಿಂದ ಸ್ವಲ್ಪ ಬಿಳಿ ಸ್ರಾವ, ತಿಂಗಳ ಚಕ್ರದ ಜೊತೆ ಅದು ಏರಿಳಿಯುವುದು ಸಹಜ. ವಾಸನೆ, ತುರಿಕೆ, ಬಣ್ಣ ಬದಲಾದರೆ ಸೋಂಕು ಇರಬಹುದು, ಆಗ ಚಿಕಿತ್ಸೆ ಬೇಕು. ಹೆಣ್ಣಿನ ಹಸ್ತಮೈಥುನದ ಬಗ್ಗೆಯಂತೂ ಹೆದರಿಸುವ ಮಾತೂ ಇಲ್ಲ, ಇರುವುದು ಪೂರ್ತಿ ಮೌನ.

7. ವಿಜ್ಞಾನ ಹೇಳುವುದು

ಇದನ್ನು ನೇರವಾಗಿ ಹೇಳಿಬಿಡ್ತೇನೆ. ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ ಸಾರ ಅಲ್ಲ. ಅದರ ಹೆಚ್ಚಿನ ಭಾಗ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೃಷಣದಲ್ಲಿ ತಯಾರಾಗುವ ವೀರ್ಯಾಣುಗಳ ಪಾಲು ಅದರಲ್ಲಿ ಬಹಳ ಸಣ್ಣದು. ಒಂದು ವೀರ್ಯಾಣು ಬೆಳೆಯಲು ಸುಮಾರು 70 ದಿನ ಬೇಕು, ಆದರೆ ಉತ್ಪಾದನೆ ಒಂದು ದಿನವೂ ನಿಲ್ಲುವುದಿಲ್ಲ. ಕೂಡಿಟ್ಟರೆ ಉಳಿಯುವ ಬ್ಯಾಂಕಿನ ದುಡ್ಡಿನ ಹಾಗೆ ಅದು ಅಲ್ಲ. ಹಳೆಯದನ್ನು ದೇಹವೇ ಒಡೆದು ಹೀರಿಕೊಳ್ತದ. ಒಮ್ಮೆ ಹೊರಬರುವುದು ಕೆಲವೇ ಮಿಲಿಲೀಟರ್, ಒಂದು ಚಮಚದಷ್ಟು. ಅದರ ಹೆಚ್ಚಿನ ಪಾಲು ನೀರು.

ಹಸ್ತಮೈಥುನದಿಂದ ಕಣ್ಣು ಹೋಗುವುದಿಲ್ಲ, ಕ್ಷಯ ಬರುವುದಿಲ್ಲ, ಹುಚ್ಚು ಹಿಡಿಯುವುದಿಲ್ಲ, ಮೊಡವೆ ಏಳುವುದಿಲ್ಲ, ಅಂಗ ಚಿಕ್ಕದಾಗುವುದಿಲ್ಲ, ಬಂಜೆತನ ಬರುವುದಿಲ್ಲ. 1948ರ ಕಿನ್ಸೆ ವರದಿಯಲ್ಲಿ ಅಮೆರಿಕದ ಗಂಡಸರ ಪೈಕಿ ಶೇ. 92ರಷ್ಟು ಜನ ಮಾಡಿದ್ದೇವೆ ಅಂದಿದ್ದರು. ಇದು ರೋಗಕ್ಕೆ ಕಾರಣ ಆಗಿದ್ದರೆ ಊರಿಗೆ ಊರೇ ಆಸ್ಪತ್ರೆಯಲ್ಲಿ ಇರಬೇಕಾಗಿತ್ತು. ಮಾಡದಿದ್ದರೂ ಏನೂ ಕೊರತೆ ಇಲ್ಲ. ಯಾವಾಗ ಸಹಾಯ ಕೇಳಬೇಕು ಅಂದ್ರ, ಓದು, ಕೆಲಸ, ನಿದ್ದೆ ಬಿಟ್ಟು ಅದರಲ್ಲೇ ಮುಳುಗಿ ಹೊರಬರಲಾಗದೆ ಒದ್ದಾಡುವಾಗ, ಅಥವಾ ನೋವು, ರಕ್ತ, ಹುಣ್ಣು, ಉರಿಮೂತ್ರ ಕಂಡಾಗ.

ನಿಜವಾದ ಅಪಾಯ ಬೇರೆ ಕಡೆ ಇದೆ. ಉರಿಮೂತ್ರ, ಹುಣ್ಣು ಇದ್ದವನು ನಾಚಿಕೆಯಿಂದ ಟೆಂಟಿನ ವೈದ್ಯನ ಹತ್ತಿರ ಹೋಗ್ತಾನೆ. ಸೋಂಕು ಒಳಗೇ ಬೆಳೀತದ, ಹೆಂಡತಿಗೂ ಹತ್ತುತ್ತದೆ. ಆರೋಗ್ಯವಾಗಿ ಇದ್ದವನು ಇಲ್ಲದ ರೋಗಕ್ಕೆ ಸಾವಿರಾರು ರೂಪಾಯಿ ಸುರಿದು ಏನಿದೆಯೋ ಗೊತ್ತಿಲ್ಲದ ಪುಡಿ ತಿಂತಾನೆ. ಒಂದೇ ಸುಳ್ಳು ಇಬ್ಬರನ್ನೂ ಕೆಡಿಸ್ತದ.

8. ಗಡಿಯ ಮಗುವಿಗೆ ಯಾವ ಭಾಷೆ?

ಕೊನೆಯ ಮಾತು ನಮ್ಮದು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೆ ಬಾಲಭಾರತಿ ಕನ್ನಡದಲ್ಲೇ ಪುಸ್ತಕ ಕೊಡ್ತದ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಮಾನವ ಸಂತಾನೋತ್ಪತ್ತಿಯ ಪಾಠ ಇದೆ. ನಾನು ಓದುವಾಗ ಆ ಪಾಠ ಬಂದಾಗ ‘ಮನ್ಯಾಗ ಓದ್ಕೊಳ್ರಿ’ ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದರು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಮಹಾರಾಷ್ಟ್ರವೂ ಕರ್ನಾಟಕವೂ ತಡೆ ಹಾಕಿದ್ದವು. ಗಡಿ ವಿಷಯದಲ್ಲಿ ಒಮ್ಮತಕ್ಕೆ ಬಾರದ ಎರಡು ರಾಜ್ಯಗಳು ಈ ವಿಷಯದಲ್ಲಿ ಒಂದಾಗಿದ್ದವು.

2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ನಡೆಯುವ ಸಲಹಾ ಕೇಂದ್ರಕ್ಕೆ ಕರ್ನಾಟಕದಲ್ಲಿ ‘ಸ್ನೇಹ’ ಅಂತಾರ, ಮಹಾರಾಷ್ಟ್ರದಲ್ಲಿ ‘ಮೈತ್ರಿ’ ಅಂತಾರ. ಎರಡರ ಅರ್ಥ ಒಂದೇ. ಆದರೆ ಮೈತ್ರಿಗೆ ಹೋದ ಕನ್ನಡದ ಹುಡುಗ ತನ್ನ ತೊಂದರೆಯನ್ನು ಯಾವ ಪದದಲ್ಲಿ ಹೇಳಬೇಕು? ಮನೆಯ ಕನ್ನಡದಲ್ಲಿ ಅವನಿಗೆ ಗೊತ್ತಿರುವುದು ಎರಡೇ ಬಗೆ: ಒಂದು ಬೈಗುಳದ ಪದ, ಇನ್ನೊಂದು ಗೋಡೆಯ ಮೇಲಿನ ಪದ. ಶಾಲೆಯ ಪದ ಅವನ ಕಿವಿಗೆ ಬಿದ್ದೇ ಇಲ್ಲ. ಕಾಸರಗೋಡಿನ ಮಗುವಿಗೆ ಮಲಯಾಳದ ಎದುರು, ತಾಳವಾಡಿಯ ಮಗುವಿಗೆ ತಮಿಳಿನ ಎದುರು, ಮಡಕಶಿರದ ಮಗುವಿಗೆ ತೆಲುಗಿನ ಎದುರು ಇದೇ ತೊಡಕು ಇರಬಹುದು, ನೀವೇ ಹೇಳಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂದಾಗ ನಾವು ಫಲಕ, ಪರೀಕ್ಷೆ, ನೌಕರಿ ಕೇಳ್ತೇವೆ. ಮೈಯ ಬಗ್ಗೆ ಅಂಜಿಕೆ ಇಲ್ಲದೆ ಕೇಳಲು, ತಿಳಿಯಲು ತಾಯ್ನುಡಿಯ ಪದ ಸಿಗುವುದೂ ಅದೇ ಹಕ್ಕಿನ ಭಾಗ ಅಂತ ನನ್ನ ವಾದ.

ಚರ್ಚೆಯಿಂದ

ಜತ್ತದ ಒಬ್ಬ ಶಿಕ್ಷಕಿ ಕೇಳಿದರು: “ನಾಳೆ ತರಗತಿಯೊಳಗ ನಾನು ಏನು ಮಾಡಬಹುದು?” ನಾನು ಹೇಳಿದ್ದು ಮೂರು ಮಾತು. ಪಾಠ ಬಿಡದೆ ಮಾಡಿ, ಮೇಡಂ. ‘ಸ್ವಪ್ನದೋಷ’ ಅನ್ನದೆ ‘ಸ್ವಪ್ನಸ್ಖಲನ’ ಅನ್ನಿ, ಯಾಕೆ ಅಂತಲೂ ಹೇಳಿ. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲು ಒಂದು ಡಬ್ಬಿ ಇಡಿ.

ಹಿರಿಯ ಗುರುಗಳೊಬ್ಬರು, “ಸಂಯಮವೇ ಬೇಡ ಅಂತೀರೇನು?” ಅಂದರು. ಸಂಯಮ ಬೇಡ ಅನ್ನಲಿಲ್ಲ ಸರ್. ಸಂಯಮವನ್ನು ಅದರ ಬೆಲೆಗೇ ಕಲಿಸೋಣ, ರೋಗದ ಸುಳ್ಳು ಹೇಳಿ ಬೇಡ. ಸುಳ್ಳು ಒಂದು ದಿನ ಗೊತ್ತಾದಾಗ ಹುಡುಗ ಸಂಯಮವನ್ನೂ ಬಿಡ್ತಾನ, ನಮ್ಮನ್ನೂ ನಂಬೂದಿಲ್ಲ.

ಹೊಸೂರಿನ ಗೆಳೆಯರೊಬ್ಬರು ತಮ್ಮ ಕಡೆಯ ಗೋಡೆ ಜಾಹೀರಾತು, ಕರಪತ್ರಗಳ ಪದಗಳನ್ನು ಸಂಗ್ರಹಿಸಲು ಒಪ್ಪಿದ್ದಾರೆ. ಉಳಿದ ಗಡಿಗಳಿಂದಲೂ ಯಾರಾದರೂ ಮುಂದೆ ಬಂದರೆ, ನಾಲ್ಕೈದು ಭಾಷೆಗಳ ನಡುವೆ ಈ ಭಯ ಹೇಗೆ ಓಡಾಡಿದೆ ಎಂಬುದರ ಪದಪಟ್ಟಿಯನ್ನು ನಾವೇ ಮಾಡಬಹುದು. ಅದರ ಎದುರು ಕಾಲಂನಲ್ಲಿ ಹೆದರಿಸದ ಕನ್ನಡ ಪದಗಳನ್ನೂ ಬರೆಯೋಣ.